ತೀರ್ಪಿಲ್ಲದ ವಾದ

1517ರ ಅಕ್ಟೋಬರ್ 31ರಂದು ಮಾರ್ಟಿನ್ ಲೂಥರ್ ಹೊರಗಿಟ್ಟ 95 ವಾದಾಂಶಗಳನ್ನು ಶಾಲೆಯ ಚರಿತ್ರೆ ಪುಸ್ತಕಗಳು ಬಂಡಾಯದ ಕಹಳೆಯಂತೆ ವರ್ಣಿಸುತ್ತವೆ. ಇಗರ್ಜಿಯ ಬಾಗಿಲು, ಸುತ್ತಿಗೆ, ಮೊಳೆ ಎಲ್ಲವೂ ಆ ವರ್ಣನೆಯಲ್ಲಿ ಉಂಟು. ಮೊಳೆ ಹೊಡೆದದ್ದು ನಿಜವೇ ಎಂಬ ಅನುಮಾನವನ್ನು ಎರ್ವಿನ್ ಇಸರ್ಲೋ ಎಂಬ ಜರ್ಮನ್ ಇತಿಹಾಸಕಾರ 1961ರಲ್ಲಿ ಎತ್ತಿದ ಮೇಲೆ ಆ ತಗಾದೆ ಮುಗಿದೇ ಇಲ್ಲ. ಹೊಡೆದಿದ್ದರೂ ಅದರಲ್ಲಿ ಅತಿಶಯವೇನಿರಲಿಲ್ಲ. ವಾದಸಭೆಯ ಸೂಚನೆಗಳನ್ನು ಊರಿನ ಇಗರ್ಜಿಗಳ ಬಾಗಿಲಲ್ಲಿ ಹಾಕುವುದು ಲೂಥರ್ ಅಧ್ಯಾಪಕನಾಗಿದ್ದ ವಿಟ್ಟೆನ್‌ಬರ್ಗ್ ವಿಶ್ವವಿದ್ಯಾಲಯದ ಕಟ್ಟಳೆಯೇ ಆಗಿತ್ತು. ವಾದಾಂಶಗಳ ಆ ಹಾಳೆ ಲ್ಯಾಟಿನ್ನಿನಲ್ಲಿತ್ತು. ಈ ವಿಷಯಗಳ ಮೇಲೆ ಲೂಥರ್‌ನ ಅಧ್ಯಕ್ಷತೆಯಲ್ಲಿ ವಾದ ನಡೆಯಲಿದೆ, ಖುದ್ದಾಗಿ ಬರಲಾಗದವರು ಪತ್ರ ಬರೆದು ವಾದಿಸಬಹುದು ಎಂದು ಅದರ ತಲೆಯಲ್ಲಿ ಬರೆದಿತ್ತು. ಹಾಳೆ ಅಚ್ಚಾಗಿ ಊರೂರು ಸುತ್ತಿತು, ಅದು ಕರೆದಿದ್ದ ಸಭೆ ಮಾತ್ರ ಸೇರಲೇ ಇಲ್ಲ. ಸೇರಿದ ಸಭೆ ಬೇರೆ ಊರಿನದು, ಇಪ್ಪತ್ತು ತಿಂಗಳ ಅನಂತರದ್ದು: 1519ರ ಜೂನ್ 27ರಂದು ಲೈಪ್ಸಿಗ್‌ನಲ್ಲಿ ಶುರುವಾಗಿ ಜುಲೈ ಮಧ್ಯದವರೆಗೆ ನಡೆದ ವಾದ. ಅದರಲ್ಲಿ ಯಾರೂ ಗೆಲ್ಲಲಿಲ್ಲ, ಮಧ್ಯಸ್ಥರಿಂದ ಹೊತ್ತಿಗೆ ಸರಿಯಾಗಿ ತೀರ್ಪು ಬರಲಿಲ್ಲ, ಕೇಳಿದವರಲ್ಲಿ ಹೆಚ್ಚಿನವರು ತಮ್ಮ ಪಕ್ಷ ಬದಲಿಸಲೂ ಇಲ್ಲ. ಹೀಗಿದ್ದೂ ಯುರೋಪಿನ ಧರ್ಮದ ಚರಿತ್ರೆಯಲ್ಲಿ ಅದಕ್ಕಿಂತ ದೊಡ್ಡ ಪರಿಣಾಮದ ವಾದ ಸಿಕ್ಕುವುದು ಕಷ್ಟ. ವಿಶ್ವವಿದ್ಯಾಲಯದ ವಾದಕ್ಕೆ ಬಲ ಬರುವುದು ತೀರ್ಪಿನಿಂದಲ್ಲ, ವಾಕ್ಚಾತುರ್ಯದಿಂದಲೂ ಅಲ್ಲ. ಕೇಳಿದ ಪ್ರಶ್ನೆಯಿಂದ ನುಣುಚಿಕೊಳ್ಳಲು ಬಿಡದ, ಆಡಿದ ಮಾತನ್ನು ಬರೆದಿಡುವ ಅದರ ಕಟ್ಟುಪಾಡಿನಿಂದ. ಲೈಪ್ಸಿಗ್‌ನ ಆ ಮೂರು ವಾರಗಳು ಇದಕ್ಕೆ ನನಗೆ ತಿಳಿದ ಅತಿ ಗಟ್ಟಿಯಾದ ಸಾಕ್ಷ್ಯ.

ಆ ಕಟ್ಟುಪಾಡು ಲೈಪ್ಸಿಗ್‌ನಲ್ಲಿ ಹುಟ್ಟಿದ್ದಲ್ಲ. ಹದಿಮೂರನೆಯ ಶತಮಾನದ ಪ್ಯಾರಿಸ್‌ನಲ್ಲಿ ಅಧ್ಯಾಪಕನಾದವನಿಗೆ ಮೂರು ಕೆಲಸಗಳಿದ್ದವು: ಗ್ರಂಥ ಪಾಠ ಹೇಳುವುದು, ಪ್ರವಚನ ಮಾಡುವುದು, ವಾದ ನಡೆಸುವುದು. ಮೂರನೆಯದರಲ್ಲಿ ವರ್ಷಕ್ಕೆ ಎರಡು ಸಲ, ಕ್ರಿಸ್ಮಸ್‌ಗೆ ಮೊದಲು ಮತ್ತು ಈಸ್ಟರ್‌ಗೆ ಮೊದಲು, ಒಂದು ವಿಶೇಷ ಸಭೆ ಇರುತ್ತಿತ್ತು. ಅಲ್ಲಿ ಯಾರು ಬೇಕಾದರೂ ಯಾವ ವಿಷಯದ ಮೇಲಾದರೂ ಪ್ರಶ್ನೆ ಹಾಕಬಹುದಾಗಿತ್ತು. ಥಾಮಸ್ ಅಕ್ವಿನಾಸ್‌ನ ಇಂಥ ಹನ್ನೆರಡು ಸಭೆಗಳ ಬರಹ ಉಳಿದಿದೆ. ದೇವರ ಸ್ವರೂಪದಂಥ ಗಹನ ಪ್ರಶ್ನೆಗಳ ನಡುವೆ ಮದ್ಯ, ಅರಸ, ಹೆಣ್ಣು, ಸತ್ಯ ಈ ನಾಲ್ಕರಲ್ಲಿ ಯಾವುದಕ್ಕೆ ಬಲ ಹೆಚ್ಚು ಎಂಬ ಪ್ರಶ್ನೆಯೂ ಅದರಲ್ಲಿ ಸಿಗುತ್ತದೆ; ಕೇಳಿದವನು ತುಂಟನೋ ಗಂಭೀರನೋ ಹೇಳಲಾಗದು, ಉತ್ತರವಂತೂ ಗಂಭೀರವಾಗಿಯೇ ಬಂದಿದೆ. ಮೊದಲ ದಿನ ಆಕ್ಷೇಪಗಳ ಸುರಿಮಳೆ. ಅದನ್ನು ಎದುರಿಸುವವನು ಕಿರಿಯ ಪದವೀಧರ. ಮುಂದಿನ ಕಲಾಪದಲ್ಲಿ ಅಧ್ಯಾಪಕ ಪೂರ್ವಪಕ್ಷಗಳನ್ನೆಲ್ಲ ಒಂದು ಕ್ರಮಕ್ಕೆ ತಂದು, ತನ್ನ ನಿರ್ಣಯ ಹೇಳಿ, ಒಂದೊಂದು ಆಕ್ಷೇಪಕ್ಕೂ ಬೇರೆ ಬೇರೆಯಾಗಿ ಸಮಾಧಾನ ಕೊಡಬೇಕು. ಈ ಸ್ವಾತಂತ್ರ್ಯಕ್ಕೆ ಬೇಲಿಯೂ ಇತ್ತು. ಕಲಾ ವಿಭಾಗದ ಅಧ್ಯಾಪಕರು ಶುದ್ಧ ದೈವಶಾಸ್ತ್ರದ ಪ್ರಶ್ನೆಗಳನ್ನು ಎತ್ತಬಾರದೆಂದು 1272ರಲ್ಲಿ ನಿಯಮವಾಯಿತು. 1277ರಲ್ಲಿ ಪ್ಯಾರಿಸ್ ಬಿಷಪ್ ಎತಿಯೆನ್ ತಾಂಪಿಯೆ 219 ಹೇಳಿಕೆಗಳನ್ನು ನಿಷೇಧಿಸಿದ. ಹಾಗಾಗಿ ಇದನ್ನು ಇಂದಿನ ಅರ್ಥದ ಮುಕ್ತ ಚರ್ಚೆ ಎಂದು ಕರೆಯಲು ನಾನು ಸಿದ್ಧನಿಲ್ಲ. ಆದರೆ ಎದುರಾಳಿಯ ಆಕ್ಷೇಪವನ್ನು ಕೇಳಿಸಿಕೊಳ್ಳದೆ ಮುಂದೆ ಸಾಗುವಂತಿಲ್ಲ ಎಂಬ ಶಿಸ್ತು ಅಲ್ಲಿಂದ ಎಲ್ಲ ವಿಶ್ವವಿದ್ಯಾಲಯಗಳಿಗೂ ಹರಡಿತು. ಎರಡೂವರೆ ಶತಮಾನ ಕಳೆದ ಮೇಲೆ ಲೈಪ್ಸಿಗ್‌ನ ವೇದಿಕೆ ಹತ್ತಿದವರೆಲ್ಲ ಆ ಶಿಸ್ತಿನಲ್ಲಿ ಪಳಗಿದವರೇ.

ಲೈಪ್ಸಿಗ್ ವಾದಕ್ಕೆ ಮೂಲ ಕಾರಣ ಯೋಹಾನ್ ಎಕ್. ಇಂಗೊಲ್‌ಸ್ಟಾಟ್‌ನ ಈ ದೈವಶಾಸ್ತ್ರ ಪ್ರಾಧ್ಯಾಪಕ ವೃತ್ತಿಪರ ವಾದಿ ಎನ್ನಬಹುದು. 1515ರಲ್ಲಿ ಇಟಲಿಯ ಬೊಲೊನ್ಯಕ್ಕೆ ಹೋಗಿ, ಸಾಲದ ಮೇಲೆ ಶೇಕಡಾ 5ರ ಬಡ್ಡಿ ಧರ್ಮಸಮ್ಮತ ಎಂದು ವಾದಿಸಿದ್ದ. ಫುಗ್ಗರ್ ಎಂಬ ಸಾಹುಕಾರಿ ಮನೆತನದ ಬೆಂಬಲ ಅದಕ್ಕಿತ್ತು ಎಂದರೆ ಆಶ್ಚರ್ಯವಿಲ್ಲ. ವಿಟ್ಟೆನ್‌ಬರ್ಗ್‌ನ ಆಂಡ್ರಿಯಾಸ್ ಕಾರ್ಲ್‌ಷ್ಟಾಟ್‌ನನ್ನು ಆತ ವಾದಕ್ಕೆ ಕರೆದ. ಅದಕ್ಕಾಗಿ ಅಚ್ಚು ಮಾಡಿಸಿದ ವಾದಾಂಶಗಳು ಹೆಸರಿಗೆ ಕಾರ್ಲ್‌ಷ್ಟಾಟ್‌ನ ವಿರುದ್ಧ, ಗುರಿ ಲೂಥರ್. ಪೋಪ್‌ನ ಪರಮಾಧಿಕಾರದ ಪ್ರಶ್ನೆಯನ್ನು ಎಕ್ ಅದರಲ್ಲಿ ಜಾಣತನದಿಂದ ಸೇರಿಸಿದ್ದ. ಸಭೆಗೆ ಜಾಗ ಕೊಡಿ ಎಂಬ ಕೋರಿಕೆ ಬಂದಾಗ ಲೈಪ್ಸಿಗ್‌ನ ದೈವಶಾಸ್ತ್ರ ವಿಭಾಗ ಒಪ್ಪಲಿಲ್ಲ. ಮೆರ್ಸೆಬುರ್ಗ್‌ನ ಬಿಷಪ್ ಕೂಡ ವಿರೋಧಿಸಿದ. ಹಿಡಿದ ಹಟ ಬಿಡದವನು ಆ ಸೀಮೆಯ ಡ್ಯೂಕ್ ಜಾರ್ಜ್. ವಾದಿಸಲು ಹೆದರುವ ದೈವಶಾಸ್ತ್ರಜ್ಞರನ್ನು ಸಾಕುವ ಬದಲು ಅದೇ ಹಣದಲ್ಲಿ ಹೆಣಿಗೆ ಬಲ್ಲ ಮುದುಕಿಯರನ್ನು ಸಾಕಬಹುದು ಎಂಬರ್ಥದ ಮಾತಿನಿಂದ ಆತ ಅವರನ್ನು ತಿವಿದ. ಇಲ್ಲಿ ಒಂದು ಆಕ್ಷೇಪ ಏಳುತ್ತದೆ: ಹಾಗಾದರೆ ಇದು ವಿಶ್ವವಿದ್ಯಾಲಯದ ವಾದ ಹೇಗಾಯಿತು, ದೊರೆಯ ವಾದ ಅಲ್ಲವೇ? ಸಭೆ ಸೇರಿದ್ದೂ ವಿಶ್ವವಿದ್ಯಾಲಯದ ಕಟ್ಟಡದಲ್ಲಿ ಅಲ್ಲ. ಜನ ಹಿಡಿಸದೆಂದು ಪ್ಲೈಸನ್‌ಬುರ್ಗ್ ಕೋಟೆಯ ಸಭಾಂಗಣದಲ್ಲಿ. ಆಕ್ಷೇಪದಲ್ಲಿ ಅರ್ಧ ಸತ್ಯವಿದೆ. ದೊರೆಯ ಒತ್ತಾಸೆ ಇಲ್ಲದೆ ಸಭೆ ಸೇರುತ್ತಿರಲಿಲ್ಲ. ಆದರೆ ಸಭೆ ಸೇರಿಸುವುದು ಬೇರೆ, ನಡೆಸುವುದು ಬೇರೆ. ವಾದಾಂಶಗಳನ್ನು ಮೊದಲೇ ಪ್ರಕಟಿಸುವುದು, ಸರದಿ, ಆಕ್ಷೇಪ ಮತ್ತು ಸಮಾಧಾನದ ಕ್ರಮ, ಮಧ್ಯಸ್ಥರಾಗಿ ಬೇರೆ ವಿಶ್ವವಿದ್ಯಾಲಯಗಳ ನೇಮಕ, ಇವೆಲ್ಲ ವಿದ್ಯಾಪೀಠದ ರೂಢಿಗಳು. ದೊರೆ ಮುಂದಿನ ಸಾಲಿನಲ್ಲಿ ಕೂತು ಕೇಳಿದ, ತೀರ್ಪು ಮಾತ್ರ ತನ್ನದೆನ್ನಲಿಲ್ಲ. ಮುಂದೆ ಬರುವ ಹೋಲಿಕೆಯಲ್ಲಿ ಈ ವ್ಯತ್ಯಾಸದ ಬೆಲೆ ತಿಳಿಯುತ್ತದೆ.

ಸಭೆಯ ಹೊರಗಿನ ಸಡಗರವನ್ನು ಇತಿಹಾಸಕಾರರು ಬಹಳ ವಿಸ್ತರಿಸಿದ್ದಾರೆ. ವಿಟ್ಟೆನ್‌ಬರ್ಗ್‌ನಿಂದ ಈಟಿ ಗಂಡುಗೊಡಲಿ ಹಿಡಿದು ಜೊತೆಗೆ ಬಂದ ಸುಮಾರು 200 ವಿದ್ಯಾರ್ಥಿಗಳು, ಊರ ಬಾಗಿಲ ಬಳಿ ಚಕ್ರ ಮುರಿದು ಕೆಸರಿಗೆ ಉರುಳಿದ ಕಾರ್ಲ್‌ಷ್ಟಾಟ್‌ನ ಗಾಡಿ, ಎಕ್‌ನ ರಕ್ಷಣೆಗೆಂದು ನಗರಸಭೆ ನೇಮಿಸಿದ 76 ಮಂದಿ ಕಾವಲುಗಾರರು, ಸಂತ ಥಾಮಸ್ ಇಗರ್ಜಿಯಲ್ಲಿ ಹಾಡಿದ ಹೊಸ ಪೂಜಾಸಂಗೀತ. ಗ್ರೀಕ್ ಅಧ್ಯಾಪಕ ಪೀಟರ್ ಮೊಸೆಲ್ಲಾನಸ್ ದೈವಶಾಸ್ತ್ರದ ವಾದವನ್ನು ಯಾವ ಮರ್ಯಾದೆಯಿಂದ ನಡೆಸಬೇಕು ಎಂಬುದರ ಮೇಲೆ ಉದ್ದದ ಆರಂಭ ಭಾಷಣ ಮಾಡಿದ. ಇಂಥ ಬುದ್ಧಿಮಾತು ದೈವಶಾಸ್ತ್ರಜ್ಞರಿಗೂ ಬೇಕೇ ಎಂದು ಡ್ಯೂಕ್ ಬೆರಗಾದನಂತೆ. ಇದೆಲ್ಲ ರಂಜಕ. ನಮಗೆ ಮುಖ್ಯವಾದ ಜಗಳ ನಡೆದದ್ದು ವೇದಿಕೆ ಹತ್ತುವ ಮೊದಲು, ನಿಯಮಗಳ ಮೇಲೆ. ಎಲ್ಲ ಮಾತನ್ನೂ ನೋಟರಿಗಳು ಬರೆದುಕೊಳ್ಳಬೇಕು ಎಂದು ಕಾರ್ಲ್‌ಷ್ಟಾಟ್ ಪಟ್ಟು ಹಿಡಿದ. ಎಕ್‌ಗೆ ಅದು ಬೇಡ. ಬರೆಯುವವರಿಗಾಗಿ ನಿಂತು ನಿಂತು ಮಾತಾಡಿದರೆ ವಾದದ ಬಿಸಿ ಆರಿಹೋಗುತ್ತದೆ ಎಂಬುದು ಆತನ ನೆಲೆ. ಅಗಾಧ ನೆನಪಿನ ಶಕ್ತಿ, ದೊಡ್ಡ ಕಂಠ, ಕ್ಷಣದಲ್ಲಿ ತಿರುಗೇಟು ಕೊಡುವ ಚುರುಕು ಇದ್ದವನಿಗೆ ಬರಹವೇ ಶತ್ರು. ಕೊನೆಗೆ ರಾಜಿಯಾಯಿತು. ನೋಟರಿಗಳು ಇರುತ್ತಾರೆ, ಅವರು ಬರೆದದ್ದು ಮಧ್ಯಸ್ಥರ ತೀರ್ಪು ಬರುವವರೆಗೆ ಅಚ್ಚಾಗಬಾರದು. ಎಕ್ ಬೇರೆ ಕಡೆ ಸೇಡು ತೀರಿಸಿಕೊಂಡ. ಕಾರ್ಲ್‌ಷ್ಟಾಟ್ ಪುಸ್ತಕಗಳನ್ನು ತಂದು ತೆರೆದು ಓದಿ ಉತ್ತರಿಸುತ್ತಿದ್ದಾಗ ಅದಕ್ಕೆ ತಕರಾರು ತೆಗೆದು, ವೇದಿಕೆಗೆ ಪುಸ್ತಕ ತರುವುದನ್ನೇ ನಿಲ್ಲಿಸಿದ. ಮೊದಲ ವಾರ ದೈವಕೃಪೆ ಮತ್ತು ಮನುಷ್ಯನ ಇಚ್ಛಾಸ್ವಾತಂತ್ರ್ಯದ ಮೇಲೆ ಇವರಿಬ್ಬರ ವಾದ ನಡೆಯಿತು. ಲೈಪ್ಸಿಗ್‌ನ ಹಿರಿಯ ದೈವಶಾಸ್ತ್ರಜ್ಞರು ಆಗ ನಿದ್ದೆ ಹೋಗಿದ್ದರೆಂದು ವಿಟ್ಟೆನ್‌ಬರ್ಗ್ ಪಕ್ಷದವರು ಆಡಿಕೊಂಡರು.

ಜುಲೈ 4ರಂದು ಲೂಥರ್ ವೇದಿಕೆ ಹತ್ತಿದ. ಪೋಪ್‌ನ ಪರಮಾಧಿಕಾರ ಇತ್ತೀಚಿನ ನಾನೂರು ವರ್ಷಗಳಲ್ಲಿ ಪೋಪರೇ ಹೊರಡಿಸಿದ ಆಜ್ಞೆಗಳ ಮೇಲೆ ನಿಂತದ್ದು, ಅದಕ್ಕೂ ಹಿಂದಿನ ಹನ್ನೊಂದು ಶತಮಾನಗಳ ಚರಿತ್ರೆ ಅದಕ್ಕೆ ವಿರುದ್ಧ ಎಂಬುದು ಆತ ಮೊದಲೇ ಪ್ರಕಟಿಸಿದ್ದ ನಿಲುವು. ಗ್ರೀಕ್ ಕ್ರೈಸ್ತ ಸಭೆಯ ಸಂತರು ರೋಮಿನ ಅಧಿಕಾರಕ್ಕೆ ಒಳಪಡದೆಯೇ ಮೋಕ್ಷ ಪಡೆಯಲಿಲ್ಲವೇ ಎಂದು ಆತ ಕೇಳಿದ. ಎಕ್ ಮರುದಿನ ಬೆಳಗ್ಗೆ ಬೇರೊಂದು ಹೆಸರನ್ನು ಎಳೆದು ತಂದ: ಯಾನ್ ಹುಸ್. ನಿನ್ನ ಮಾತು ಕಾನ್‌ಸ್ಟನ್ಸ್ ಧರ್ಮಸಭೆ ಖಂಡಿಸಿದ ಬೊಹೀಮಿಯದ ಆ ಪಾಷಂಡಿಯ ಮಾತೇ ಅಲ್ಲವೇ ಎಂಬುದು ಪ್ರಶ್ನೆ. ಲೈಪ್ಸಿಗ್‌ನಲ್ಲಿ ಈ ಹೆಸರಿಗಿದ್ದ ಕಾವು ಬೇರೆಲ್ಲೂ ಇರಲಾರದು. 1409ರಲ್ಲಿ ಬೊಹೀಮಿಯದ ಅರಸ ಪ್ರಾಗ್ ವಿಶ್ವವಿದ್ಯಾಲಯದ ಮತದಾನವನ್ನು ಚೆಕ್ ಪಂಗಡದ ಪರವಾಗಿ ತಿರುಗಿಸಿದಾಗ ಮುನಿದು ಹೊರಬಿದ್ದ ಜರ್ಮನ್ ಅಧ್ಯಾಪಕರು ಕಟ್ಟಿದ್ದೇ ಲೈಪ್ಸಿಗ್ ವಿಶ್ವವಿದ್ಯಾಲಯ. ಆಮೇಲೆ ಪ್ರಾಗ್‌ನ ಮುಖ್ಯಸ್ಥನಾದವನು ಹುಸ್. ಆತನನ್ನು ಸುಟ್ಟದ್ದು 1415ರ ಜುಲೈ 6ರಂದು. ಎಕ್ ಈ ಪ್ರಶ್ನೆ ಎಸೆದದ್ದು 1519ರ ಜುಲೈ 5ರಂದು. ಬೊಹೀಮಿಯದವರ ಒಡಕನ್ನು ತಾನು ಎಂದೂ ಮೆಚ್ಚಿದವನಲ್ಲ ಎಂದು ಲೂಥರ್ ಮೊದಲು ಜಾರಿಕೊಳ್ಳಲು ನೋಡಿದ. ಸಭೆ ಅಷ್ಟಕ್ಕೆ ಬಿಡಲಿಲ್ಲ. ಊಟದ ಬಿಡುವಿನಲ್ಲಿ ಆತ ವಿಶ್ವವಿದ್ಯಾಲಯದ ಗ್ರಂಥಾಲಯಕ್ಕೆ ಹೋಗಿ ಕಾನ್‌ಸ್ಟನ್ಸ್ ಸಭೆಯ ನಡಾವಳಿ ತೆಗೆದು ಓದಿದ. ಮಧ್ಯಾಹ್ನ ಬಂದು ಹೇಳಿದ್ದರ ಸಾರ ಇದು: ಅಲ್ಲಿ ಖಂಡಿಸಿದ ಹುಸ್‌ನ ವಿಚಾರಗಳಲ್ಲಿ ಹಲವು ಅಪ್ಪಟ ಕ್ರೈಸ್ತ ವಿಚಾರಗಳೇ. ಮುಂದಿನ ಸಾಲಿನಲ್ಲಿದ್ದ ಡ್ಯೂಕ್ ಜಾರ್ಜ್ ಎಲ್ಲರಿಗೂ ಕೇಳುವಂತೆ ಶಾಪ ಹಾಕಿದ. ಎಕ್‌ಗೆ ಬೇಕಾದದ್ದು ಸಿಕ್ಕಿತ್ತು. ಇದಕ್ಕೆ ಮೊದಲು ಲೂಥರ್ ಪೋಪ್‌ನ ತೀರ್ಮಾನದ ಮೇಲೆ ಧರ್ಮಸಭೆಗೆ ಮೇಲ್ಮನವಿ ಹಾಕಿಕೊಂಡಿದ್ದವನು. ಈಗ ಧರ್ಮಸಭೆಯೂ ತಪ್ಪು ಮಾಡೀತು ಎಂದಮೇಲೆ ಉಳಿದದ್ದು ಶಾಸ್ತ್ರಗ್ರಂಥ ಮತ್ತು ಅದನ್ನು ಓದುವವನ ಅಂತಃಸಾಕ್ಷಿ.

ಲೂಥರ್ ಹೇಗಿದ್ದರೂ ಇಲ್ಲಿಗೇ ಬಂದು ಸೇರುತ್ತಿದ್ದ, ವಾದ ಕೇವಲ ನೆಪ ಎನ್ನುವವರಿದ್ದಾರೆ. ಅವರ ಬಳಿ ಸಾಮಗ್ರಿ ಇಲ್ಲದಿಲ್ಲ. ಆ ವರ್ಷದ ಮೊದಲ ತಿಂಗಳುಗಳಲ್ಲಿ ಆತ ಪೋಪರ ಆಜ್ಞೆಗಳ ಚರಿತ್ರೆಯನ್ನು ಅಗೆದು ನೋಡುತ್ತಿದ್ದ. ಪೋಪ್ ಕ್ರಿಸ್ತವಿರೋಧಿಯೇ ಇರಬಹುದೇ ಎಂಬ ಶಂಕೆಯನ್ನು ಮಾರ್ಚ್‌ನಲ್ಲಿ ಗೆಳೆಯ ಸ್ಪಲಾಟಿನ್‌ಗೆ ಬರೆದ ಪತ್ರದಲ್ಲಿ ಗುಟ್ಟಾಗಿ ತೋಡಿಕೊಂಡಿದ್ದ. ಆದರೆ ಈ ಆಕ್ಷೇಪ ಎರಡು ಸಂಗತಿಗಳನ್ನು ಮರೆಯುತ್ತದೆ. ಒಂದು, ಈ ಓದಿಗೆ ಆತನನ್ನು ಹಚ್ಚಿದ್ದೇ ಎಕ್ ಪ್ರಕಟಿಸಿದ ವಾದಾಂಶ. ಅಂದರೆ ವಾದದ ಕೆಲಸ ವೇದಿಕೆಗೆ ಮುಂಚೆಯೇ ಶುರುವಾಗಿತ್ತು. ಇನ್ನೊಂದು, ಪೋಪ್‌ನ ಮೇಲಿನ ಶಂಕೆ ಬೇರೆ, ಧರ್ಮಸಭೆಯ ಮೇಲಿನದು ಬೇರೆ. ಹುಸ್‌ನ ಪರವಾಗಿ ಮಾತಾಡುವ ಉದ್ದೇಶ ಜುಲೈ 5ರ ಬೆಳಗ್ಗೆ ಲೂಥರ್‌ಗೆ ಇದ್ದ ಸೂಚನೆಯೇ ಇಲ್ಲ, ಆತ ಮೊದಲು ಜಾರಿಕೊಂಡದ್ದೇ ಅದಕ್ಕೆ ಸಾಕ್ಷಿ. ಬೊಹೀಮಿಯದವರು ಲೈಪ್ಸಿಗ್ ಸುದ್ದಿ ಕೇಳಿ ಹುಸ್‌ನ ಗ್ರಂಥ ಕಳಿಸಿಕೊಟ್ಟ ಮೇಲಷ್ಟೇ, 1520ರ ಫೆಬ್ರುವರಿ ಹೊತ್ತಿಗೆ, ನಾವೆಲ್ಲ ಗೊತ್ತಿಲ್ಲದೆಯೇ ಹುಸ್‌ನ ಕಡೆಯವರಾಗಿದ್ದೆವು ಎಂದು ಆತ ಸ್ಪಲಾಟಿನ್‌ಗೆ ಬರೆಯುತ್ತಾನೆ. ಪ್ರವಚನ ಪೀಠದಲ್ಲಿ ನಿಂತವನಿಗೆ ತನ್ನ ವಿಚಾರದ ಕೊನೆಯ ತುದಿಗೆ ಹೋಗದೆ ಅರ್ಧದಲ್ಲಿ ನಿಲ್ಲುವ ಸೌಲಭ್ಯ ಉಂಟು. ಪುಸ್ತಕ ಬರೆಯುವವನಿಗೂ ಉಂಟು. ಎದುರಾಳಿ ಮರುಪ್ರಶ್ನೆ ಹಾಕುವ, ನೋಟರಿ ಲೇಖನಿ ಹಿಡಿದು ಕಾಯುವ ಸಭೆಯಲ್ಲಿ ಆ ಸೌಲಭ್ಯ ಸಿಗುವುದಿಲ್ಲ. ಲೂಥರ್‌ನನ್ನು ಲೂಥರ್ ಮಾಡಿದ್ದರಲ್ಲಿ ಎಕ್‌ನ ಪಾಲು ದೊಡ್ಡದು. ಎಕ್ ಬಯಸಿದ್ದು ಮಾತ್ರ ಇದಲ್ಲ.

ಮುದ್ರಣಯಂತ್ರದ ಮಾತೇನು ಎಂಬುದು ಇದಕ್ಕಿಂತ ತೂಕದ ಆಕ್ಷೇಪ. ಕೋಟೆಯೊಳಗೆ ಲ್ಯಾಟಿನ್ನಿನಲ್ಲಿ ನಡೆದ ವಾದವನ್ನು ಊರಿನ ಕಮ್ಮಾರ, ನೇಕಾರರು ಕೇಳಲಿಲ್ಲ, ಕೇಳಿದ್ದರೂ ತಿಳಿಯುತ್ತಿರಲಿಲ್ಲ. ಸುದ್ದಿ ಹಬ್ಬಿದ್ದು ಕಿರುಹೊತ್ತಗೆಗಳಿಂದ. ಸಭೆಯಲ್ಲಿ ಕೂತು ಚೀಟಿ ದಾಟಿಸುತ್ತಿದ್ದ, ಅದಕ್ಕಾಗಿ ಎಕ್‌ನಿಂದ ಬೈಸಿಕೊಂಡ ವಿಟ್ಟೆನ್‌ಬರ್ಗ್ ಪಕ್ಷದ 22 ವರ್ಷದ ಫಿಲಿಪ್ ಮೆಲಾಂಕ್ತನ್ ಜುಲೈ ಮುಗಿಯುವ ಮೊದಲೇ ವರದಿಪತ್ರ ಬರೆದ. ಎಕ್ ಅದಕ್ಕೆ ಉತ್ತರ ಅಚ್ಚು ಹಾಕಿಸಿದ, ಆಮೇಲೆ ಎರಡೂ ಕಡೆಯಿಂದ ಹೊತ್ತಗೆಗಳು ಸಾಲುಗಟ್ಟಿದವು. ಪ್ರಕಟಿಸಬಾರದೆಂದು ಒಪ್ಪಿಕೊಂಡಿದ್ದ ವಾದದ ಪಾಠವೂ ವರ್ಷ ಕಳೆಯುವುದರೊಳಗೆ ಮಾರಾಟಕ್ಕೆ ಬಂತು. ಅಚ್ಚಿನ ಪಾತ್ರವನ್ನು ಅಲ್ಲಗಳೆಯುವುದು ಮೂರ್ಖತನ. ಆದರೆ ಆ ವರ್ಷಗಳಲ್ಲಿ ಅಚ್ಚಾದ ಬೈಗುಳಕ್ಕೆ ಲೆಕ್ಕವಿಲ್ಲ, ಅದರಲ್ಲಿ ಬಹುಪಾಲು ಇಂದು ಯಾರಿಗೂ ಬೇಕಿಲ್ಲ. ಲೈಪ್ಸಿಗ್‌ನ ಬಗೆಗಿನ ಹೊತ್ತಗೆಗಳಿಗೆ ಮೊನಚು ಬಂದದ್ದು ಅವು ಒಂದು ನಿರ್ದಿಷ್ಟ ಹೇಳಿಕೆಯ ಸುತ್ತ ಸುತ್ತಿದ್ದರಿಂದ. ಇಂಥ ದಿನ, ಇಂಥ ಪ್ರಶ್ನೆಗೆ, ಇಂಥವನು ಹೀಗೆಂದ ಎಂಬುದನ್ನು ಇಬ್ಬರೂ ಅಲ್ಲಗಳೆಯುವಂತಿರಲಿಲ್ಲ. ಅದರ ಅರ್ಥದ ಮೇಲೆ ಜಗಳವಾಡಬಹುದಿತ್ತು, ಅಷ್ಟೆ. ಎಕ್ ನೇರವಾಗಿ ರೋಮಿಗೆ ಹೋಗಿ, 1520ರ ಜೂನ್ 15ರಂದು ಹೊರಟ ಪೋಪ್‌ನ ಖಂಡನಾಪತ್ರದ ತಯಾರಿಕೆಯಲ್ಲಿ ಕೈಜೋಡಿಸಿದ. ಅದರಲ್ಲಿ ಲೂಥರ್‌ನ 41 ಮಾತುಗಳನ್ನು ಎಣಿಸಿ ಖಂಡಿಸಲಾಯಿತು. ಕಾನ್‌ಸ್ಟನ್ಸ್ ಖಂಡಿಸಿದ ಹುಸ್‌ನ ವಿಚಾರಗಳಲ್ಲಿ ಕೆಲವು ಸತ್ಯ ಎಂಬುದೂ ಅವುಗಳಲ್ಲೊಂದು.

ತೀರ್ಪಿನ ಗತಿ ಏನಾಯಿತು? ಮಧ್ಯಸ್ಥರು ಎರ್ಫರ್ಟ್ ಮತ್ತು ಪ್ಯಾರಿಸ್ ವಿಶ್ವವಿದ್ಯಾಲಯಗಳು. ಎರ್ಫರ್ಟ್ ಈ ಉಸಾಬರಿ ಬೇಡವೆಂದು ಕೈತೊಳೆದುಕೊಂಡಿತು. ಪ್ಯಾರಿಸ್ 1521ರ ಏಪ್ರಿಲ್‌ವರೆಗೆ ಸುಮ್ಮನಿದ್ದು, ಲೂಥರ್‌ನ ಬೇರೆ ಬೇರೆ ಗ್ರಂಥಗಳಿಂದ 104 ಹೇಳಿಕೆಗಳನ್ನು ಹೆಕ್ಕಿ ಖಂಡಿಸಿತು. ಲೈಪ್ಸಿಗ್‌ನ ಕೇಂದ್ರ ಪ್ರಶ್ನೆಯಾದ ಪೋಪ್‌ನ ಪರಮಾಧಿಕಾರದ ಬಗ್ಗೆ ಆ ಖಂಡನೆಯಲ್ಲಿ ಒಂದು ಮಾತೂ ಇಲ್ಲ! ಇದನ್ನು ವಿಶ್ವವಿದ್ಯಾಲಯಗಳ ಹೇಡಿತನ ಎಂದು ಹೇಳುವವರಿಗೆ ನಾನು ಎದುರು ಹೇಳುವುದಿಲ್ಲ. ಆದರೆ ತೀರ್ಪಿಲ್ಲದ್ದರಿಂದ ವಾದ ವಿಫಲವಾಯಿತು ಎಂಬ ಮುಂದಿನ ಮಾತು ನಿಲ್ಲುವುದಿಲ್ಲ. ತೀರ್ಪು ಕೊಟ್ಟ ಸಭೆಗಳನ್ನು ಪಕ್ಕಕ್ಕಿಟ್ಟು ನೋಡಬೇಕು. 1523ರ ಜನವರಿ 29ರಂದು ಜ್ಯೂರಿಕ್‌ನಲ್ಲಿ ನಗರಸಭೆಯೇ ವಾದ ಕರೆಯಿತು. ಭಾಷೆ ಜರ್ಮನ್, ನೆರೆದವರು ಸುಮಾರು 600 ಮಂದಿ, ಮುಂದಿದ್ದದ್ದು ಸುಧಾರಕ ಜ್ವಿಂಗ್ಲಿಯ 67 ವಾದಾಂಶಗಳು. ಅದೇ ದಿನ ನಗರಸಭೆ ಜ್ವಿಂಗ್ಲಿಯ ಪರ ತೀರ್ಮಾನಿಸಿತು. 1526ರಲ್ಲಿ ಬಾಡೆನ್‌ನಲ್ಲಿ ಹಳೆಯ ಮತದ ಪ್ರಾಂತ್ಯಗಳು ಏರ್ಪಡಿಸಿದ ವಾದದಲ್ಲಿ ಗೆದ್ದವನು ಎಕ್. 1528ರಲ್ಲಿ ಬರ್ನ್‌ನಲ್ಲಿ ಗೆಲುವು ಮತ್ತೆ ಸುಧಾರಕರದು. ಮೂರರಲ್ಲೂ ಫಲಿತಾಂಶ ಊರನ್ನು ನೋಡಿಯೇ ಹೇಳಬಹುದಾಗಿತ್ತು. ತೀರ್ಪು ಕೊಡುವ ಅಧಿಕಾರ ಇದ್ದವನೇ ಸಭೆ ಕರೆದಾಗ ವಾದ ಎಂಬುದು ಆಗಲೇ ಆದ ತೀರ್ಮಾನಕ್ಕೆ ಹಾಕುವ ಮೊಹರು. ಇಂಥ ಸಭೆಗಳಿಂದ ಊರಿನ ಪೂಜಾವಿಧಾನ ಬದಲಾಯಿತು, ಅದು ಸಣ್ಣ ಸಂಗತಿಯಲ್ಲ. ವಾದಿಗಳ ವಿಚಾರ ಮಾತ್ರ ಬಂದಂತೆಯೇ ಹಿಂದಿರುಗಿತು.

ಕನ್ನಡದ ಓದುಗರಿಗೆ ಇಂಥ ಸಭೆ ಹೊಸದಲ್ಲ. ಶ್ರವಣಬೆಳಗೊಳದ ಮಲ್ಲಿಷೇಣ ಪ್ರಶಸ್ತಿ ಎಂಬ ಶಾಸನ, 1129ರದು, ಜೈನ ವಾದಿಗಳ ಪರಾಕ್ರಮವನ್ನು ಸಾಲಾಗಿ ಹೊಗಳುತ್ತದೆ. ಊರೂರಿನಲ್ಲಿ ವಾದದ ಭೇರಿ ಹೊಡೆಸಿದ ಸಮಂತಭದ್ರ, ಸಾಹಸತುಂಗನ ಆಸ್ಥಾನದ ಅಕಲಂಕ ಅಲ್ಲಿದ್ದಾರೆ. ಶತ್ರುಭಯಂಕರನೆಂಬ ಅರಸನ ಅರಮನೆಯ ಬಾಗಿಲಲ್ಲಿ ಶೈವ, ಪಾಶುಪತ, ಬೌದ್ಧ, ಕಾಪಾಲಿಕರಿಗೆಲ್ಲ ಸವಾಲಿನ ಪತ್ರ ತೂಗುಹಾಕಿದ ವಿಮಲಚಂದ್ರನೂ ಇದ್ದಾನೆ. ವಿಟ್ಟೆನ್‌ಬರ್ಗ್‌ನ ಬಾಗಿಲಿಗೆ ಇದಕ್ಕಿಂತ ಹಳೆಯ ಜೋಡಿ ಸಿಗುವುದು ಅಪರೂಪ. ನ್ಯಾಯಶಾಸ್ತ್ರ ವಾದದಲ್ಲಿ ಸೋಲುವ 22 ಬಗೆಗಳನ್ನು ಎಣಿಸಿಟ್ಟಿದೆ, ಸೂಕ್ಷ್ಮದಲ್ಲಿ ಅದು ಪ್ಯಾರಿಸ್‌ಗೆ ಏನೂ ಕಡಿಮೆಯಿಲ್ಲ. ಆದರೆ ಶಾಸನ ನಮಗೆ ತಿಳಿಸುವುದು ಗೆದ್ದವನ ಹೆಸರನ್ನು. ಸೋತವನು ಏನೆಂದು ವಾದಿಸಿದ, ಯಾವ ಪ್ರಶ್ನೆಗೆ ಬಾಯಿ ಕಟ್ಟಿತು ಎಂಬುದು ಅದರಲ್ಲಿಲ್ಲ. ಅರಸನ ಸಭೆಗೆ ಬೇಕಾದದ್ದು ಜಯಪತ್ರ. ನಡಾವಳಿಯ ಅಗತ್ಯ ಅದಕ್ಕೆ ಬೀಳಲಿಲ್ಲ. ಪೂರ್ವಪಕ್ಷವನ್ನು ನಿಷ್ಠೆಯಿಂದ ಉಳಿಸಿದ್ದು ನಮ್ಮ ಗ್ರಂಥಕಾರರು, ಅವರು ಅದನ್ನು ಮಾಡಿದ್ದು ಆಸ್ಥಾನದಿಂದ ದೂರ, ಮಠಗಳಲ್ಲಿ, ಶಿಷ್ಯರ ನಡುವೆ. ಲೈಪ್ಸಿಗ್‌ನಲ್ಲಿ ದೊರೆಯ ಕೋಟೆಯೂ ನೋಟರಿಯ ಲೇಖನಿಯೂ ಒಂದೇ ಸಭಾಂಗಣದಲ್ಲಿ ಕೂಡಿಬಂದವು. ದೊರೆ ಬೇಸತ್ತು, ಬ್ರಾಂಡೆನ್‌ಬುರ್ಗ್‌ನ ಅರಸು ಅತಿಥಿಯಾಗಿ ಬರುವವನಿದ್ದ ಕಾರಣ ಕೋಟೆ ಖಾಲಿ ಮಾಡಿಸಿ ವಾದ ನಿಲ್ಲಿಸಿದ. ಬರೆದಿಟ್ಟದ್ದನ್ನು ನಿಲ್ಲಿಸುವುದು ಆತನ ಕೈಯಲ್ಲಿರಲಿಲ್ಲ.

ಈ ಕಟ್ಟುಪಾಡು ಆಶ್ರಯ ಕೊಟ್ಟ ಊರನ್ನು ಬದಲಿಸಲಿಲ್ಲ ಎಂಬುದನ್ನೂ ಹೇಳಬೇಕು. ಲೈಪ್ಸಿಗ್ ವಿಶ್ವವಿದ್ಯಾಲಯ ಡ್ಯೂಕ್ ಜಾರ್ಜ್ ತೀರಿಕೊಂಡ 1539ರವರೆಗೂ ಹಳೆಯ ಮತದಲ್ಲೇ ಇತ್ತು; ಅಲ್ಲಿ ಕೂತು ಎಲ್ಲವನ್ನೂ ಕೇಳಿದ ಜಾರ್ಜ್ ಸಾಯುವವರೆಗೆ ಲೂಥರ್‌ನ ಬದ್ಧ ವಿರೋಧಿ. ವಾದ ಕೇಳುಗರ ಮನ ಒಲಿಸುತ್ತದೆ ಎಂಬ ನಂಬಿಕೆಗೆ ಇಲ್ಲಿ ಆಧಾರವಿಲ್ಲ. ಲೂಥರ್‌ಗೂ ಇದು ಗೊತ್ತಿದ್ದಿರಬೇಕು, ಲೈಪ್ಸಿಗ್‌ನಿಂದ ಆತ ಕಹಿಯಾಗಿಯೇ ಮರಳಿದ. ಆದರೂ 1530ರ ದಶಕದಲ್ಲಿ ವಿಟ್ಟೆನ್‌ಬರ್ಗ್‌ನಲ್ಲಿ ವಾದಸಭೆಗಳ ಪದ್ಧತಿಯನ್ನು ಮತ್ತೆ ನೆಲೆಗೊಳಿಸಿದಾಗ ಅಧ್ಯಕ್ಷಪೀಠದಲ್ಲಿ ಕೂತವನು ಆತನೇ. 1537ರ ಡಿಸೆಂಬರ್‌ನಲ್ಲಿ ತನ್ನ ಹಳೆಯ ಶಿಷ್ಯ ಯೋಹಾನ್ ಅಗ್ರಿಕೋಲನ ವಿಚಾರಗಳ ಮೇಲೆ ವಾದ ಕರೆದ. ಕ್ರೈಸ್ತನಿಗೆ ಮೋಶೆಯ ಧರ್ಮಶಾಸ್ತ್ರ ಬೋಧಿಸಬೇಕಿಲ್ಲ ಎಂಬುದು ಅಗ್ರಿಕೋಲನ ಪಕ್ಷ. ಮೊದಲ ಸಭೆಗೆ ಆತ ಬರಲೇ ಇಲ್ಲ. 1540ರಲ್ಲಿ ಊರು ಬಿಟ್ಟು ಬರ್ಲಿನ್ ಸೇರಿದ. ಒಂದು ಕಾಲಕ್ಕೆ ಪ್ರಶ್ನೆಯ ಎದುರು ನಿಂತಿದ್ದವನು ಈಗ ಪ್ರಶ್ನೆಯ ಒಡೆಯನಾಗಿ ಎಷ್ಟು ನ್ಯಾಯವಾಗಿ ನಡೆದುಕೊಂಡ ಎಂಬುದರ ಮೇಲೆ ವಿದ್ವಾಂಸರು ಇಂದೂ ಬಡಿದಾಡುತ್ತಾರೆ. ಬಡಿದಾಡಲು ಅವರಿಗೆ ಸಾಮಗ್ರಿ ಇದೆ: ಆ ಸಭೆಗಳಲ್ಲಿ ಆಕ್ಷೇಪಿಸಿದವರು ಏನೆಂದರು, ಲೂಥರ್ ಏನೆಂದು ಸಮಾಧಾನ ಹೇಳಿದ ಎಂಬುದನ್ನು ವಿದ್ಯಾರ್ಥಿಗಳು ಬರೆದುಕೊಂಡ ಟಿಪ್ಪಣಿಗಳು ಒಂದಕ್ಕಿಂತ ಹೆಚ್ಚು ಪ್ರತಿಗಳಲ್ಲಿ ಉಳಿದಿವೆ.